ನಶ್ಯದ ಡಬ್ಬಿಯ ನೋಟು

ಹಳೇ ನೋಟು-ನಾಣ್ಯದ ಅಂಗಡಿಯಿಂದ,
ಏಪ್ರಿಲ್ ೯, ಮಂಗಳವಾರ

ಪ್ರೀತಿಯ ಪುಟ್ಟಾ,

ನಾವು ಕ್ಷೇಮ, ನೀನೂ ಕ್ಷೇಮವಾಗಿರು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಕೋಪ ಇಳಿದ ಮೇಲೆ ಬರೆಯೋಣ ಅಂತಿದ್ದೆ. ಇಳಿಯೋ ಹಾಗೆ ಕಾಣಲಿಲ್ಲ.

ಹೋದ ತಿಂಗಳು ಆ ಬೋಳುತಲೆ ದಲ್ಲಾಳಿ ಬಂದಿದ್ದ. ಹಳೇ ನೂರರ ನೋಟೊಂದನ್ನ ಮುಂದಿಟ್ಟು, ಚಲಾವಣೆಗೇ ಹೋಗದ, ಕೈ ತಾಗದ ಮಾಲು, ಅಸಲಿ ಅಂತ ಬರೆದು ಸಹಿ ಹಾಕಿಕೊಡಿ ಅಂದ. ವಾಟರ್‌ಮಾರ್ಕ್ ಸರಿ ಇತ್ತು, ಅಂಕಿ ಸರಿ ಇತ್ತು. ಆದರೆ ಅಚ್ಚಿನ ಉಬ್ಬು ಬೆರಳಿಗೆ ಸಿಗಲಿಲ್ಲ. ಮೂಸಿದರೆ ಸೋಪು! ಯಾವ ಬೃಹಸ್ಪತಿ ಇದನ್ನ ತೊಳೆದು ಇಸ್ತ್ರಿ ಹೊಡೆದಿದ್ದು ಅಂತ ನಕ್ಕುಬಿಟ್ಟೆ.

ಆಮೇಲೆ ದೀಪಕ್ಕೆ ಓರೆಯಾಗಿ ಹಿಡಿದೆ. ಇಸ್ತ್ರಿಗೆ ಮಡಿಕೆ ಮಾಯವಾಗುತ್ತೆ, ಮುರಿದ ನಾರು ಕೂಡಿಕೊಳ್ಳಲ್ಲ ಕಣೋ. ಮೂರು ಮಡಿಕೆ ಕಂಡವು, ಎರಡು ನೆಟ್ಟಗೆ, ಒಂದು ಸೊಟ್ಟ. ಮೊಂಡು ಹೆಬ್ಬೆರಳಲ್ಲಿ ಹಾಗೆ ಮಡಚುತ್ತಿದ್ದವರು ನಮ್ಮಪ್ಪ ಒಬ್ಬರೇ. ಯಾರು ಕೊಟ್ಟಿದ್ದು ಅಂತ ದಲ್ಲಾಳಿಯನ್ನ ದಬಾಯಿಸಿದೆ, ನಿನ್ನ ಹೆಸರು ಬಾಯಿಬಿಟ್ಟ. ಅಕ್ಕನ ಸಹಿ ಬಿದ್ದರೆ ಬೆಲೆ ಬರುತ್ತೆ, ನಂದು ಅಂತ ಮಾತ್ರ ಹೇಳಬೇಡ ಅಂದಿದ್ದೆಯಂತೆ. ನಾಚಿಕೆ ಆಗಲಿಲ್ಲವಾ ನಿನಗೆ?

ಮದುವೆಯಾದ ಹೊಸದರಲ್ಲಿ ಅಮ್ಮ ಅಪ್ಪನಿಗೆ ಕೊಟ್ಟ ನೋಟು ಅದು. ಮುರಿಸದೆ ಕೊನೇವರೆಗೂ ನಶ್ಯದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು ಅಪ್ಪ. ಕಣ್ಣು ಹೋದ ಮೇಲೆ ಅಮ್ಮ ಅದನ್ನೇ ಮೂಸಿಕೊಂಡು ಕೂರುತ್ತಿದ್ದಳು. ನೋಟಿಗೆ ಗಾಜಿನ ಫ್ರೇಮು ಹಾಕಿಸಿಕೊಂಡು ಬರ್ತೀನಿ ಅಂತ ಅವಳ ಕೈಯಿಂದ ಇಸ್ಕೊಂಡು ಹೋದವನು ನೀನು.

ಬೆಲೆಯ ಮಾತಿಗೇ ಬರೋಣ, ನಿನಗೆ ಬೇಕಾಗಿದ್ದು ಅದೇ ತಾನೆ? ನಶ್ಯದ ಹಳದಿ ಕಲೆ ಹಾಗೇ ಇದ್ದಿದ್ದರೂ ಒಳ್ಳೇ ಬೆಲೆ ಬರುತ್ತಿತ್ತು. ತೊಳೆದು ನೀನು ಅದನ್ನ ರದ್ದಿ ಮಾಡಿದೆ. ದಲ್ಲಾಳಿ ಕೇಳಿದಷ್ಟು ದುಡ್ಡನ್ನ ಅವನ ಮುಖಕ್ಕೆ ಬಿಸಾಕಿ ನೋಟು ಇಟ್ಟುಕೊಂಡೆ. ಆ ದುಡ್ಡು ನಿನ್ನ ಕೈ ಸೇರಿರಬೇಕು, ತಿನ್ನು.

ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ. ನೀನೂ ನೂರು ಕಾಲ ಬಾಳು, ಸದ್ಯಕ್ಕೆ ನನ್ನ ಕಣ್ಣಿಗೆ ಬೀಳಬೇಡ.

ಇಂತಿ,
ನಿನ್ನ ಅಕ್ಕ

ತಾ.ಕ.: ಆ ನೋಟನ್ನ ಹಳೇ ಮಡಿಕೆಗೇ ಮಡಚಿ, ಡಬ್ಬಿಯಲ್ಲಿಟ್ಟು ಅಮ್ಮನ ಕೈಗೆ ಕೊಟ್ಟೆ. ತೆಗೆದು ಮೂಸಿದಳು, ಇನ್ನೊಂದು ಸಲ ಮೂಸಿದಳು, ವಾಪಸ್ ಕೊಟ್ಟಳು. "ಇದು ನಿಮ್ಮಪ್ಪಂದಲ್ಲ. ಕಣ್ಣು ಕಾಣಲ್ಲ ಅಂತ ನೀನೂ ನನಗೆ ಮೋಸ ಮಾಡ್ತೀಯೇನೇ?" ಅಂದಳು. ಊರಿಗೆಲ್ಲ ನಾನು ಅಸಲಿ ಅಂದರೆ ಅಸಲಿ. ಅಮ್ಮ ಮಾತ್ರ ಅವತ್ತಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.