ನೂರು ಅಂಕದ ಪಣ

ಬಳ್ಳಾರಿ
11 ನವೆಂಬರ್ 2024

ನನ್ನ ಮುಂಗೋಪಿ ಅವ್ವ ಗಿಡ್ಡಮ್ಮನಿಗೆ, ಅವಳಷ್ಟೇ ಮುಂಗೋಪಿ ಮಗಳು ಶಶಿರೇಖಾಳ ನಮಸ್ಕಾರಗಳು.

ಫೋನ್ ಮಾಡಿದರೆ ನನ್ನ ಹೆಸರು ಕಂಡ ಕೂಡಲೇ ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲವಲ್ಲ! ಪಕ್ಕದ ಮನೆಯ ಪಂಪಾವತಿ ಅತ್ತೆ ಓದಿ ಹೇಳುತ್ತಾಳೆ. ಅತ್ತೆ, ಭಾನುವಾರ ಟಿವಿಯಲ್ಲಿ ಬರುವವರೆಗೆ ಇದನ್ನು ಯಾರಿಗೂ ಹೇಳಬಾರದು, ಹಾಗಂತ ಟಿವಿಯವರು ನನ್ನಿಂದ ಸಹಿ ಮಾಡಿಸಿಕೊಂಡಿದ್ದಾರೆ. ಗುಟ್ಟು ಉಳಿಸಿಕೊಳ್ಳುವುದು ನಿನಗೆ ಕಷ್ಟವೆಂದು ಗೊತ್ತು ಅತ್ತೆ. ಬಾಯಿಗೆ ಒಂದು ಹಿಡಿ ಸೇಂಗಾ ಹಾಕಿಕೊಂಡು ಸುಮ್ಮನಿರು.

ಅವ್ವಾ, ನಾನು ಟಿವಿಯ ಕ್ವಿಜ್‌ನಲ್ಲಿ ಗೆದ್ದೆ! ಕೋಚಿಂಗ್ ಸೆಂಟರಿನಲ್ಲಿ ನಾಲ್ಕು ವರ್ಷ ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದು ವ್ಯರ್ಥವಾಗಲಿಲ್ಲ. ಆದರೆ ಗೆಲ್ಲಿಸಿದ್ದು ಆ ಓದಲ್ಲ. ಪೂರ್ತಿ ಕೇಳು, ಮಧ್ಯದಲ್ಲಿ ಎದ್ದು ಒಲೆಯ ಕಡೆ ಹೋಗಬೇಡ.

ವೇದಿಕೆಯ ದೀಪಗಳ ಕೆಳಗೆ ನಿಂತು, ಧೈರ್ಯಕ್ಕೆಂದು ನೀನು ಸೇರಿನಲ್ಲಿ ಸೇಂಗಾ ಅಳೆಯುವ ಹಾಗೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಅಷ್ಟರಲ್ಲಿ ಪ್ರಶ್ನೆ ಬಂತು, ಭೂಮಿಗೆ ಸಹಜ ಉಪಗ್ರಹಗಳು ಎಷ್ಟು ಎಂದು. ನಾನು ಗಟ್ಟಿಯಾಗಿ "ಲಾಭ" ಅಂದುಬಿಟ್ಟೆ! ಕಾರ್ಯಕ್ರಮ ನಡೆಸುವವರು ಕಣ್ಣು ಕಣ್ಣು ಬಿಟ್ಟರು. ತಪ್ಪು ಉತ್ತರವೆಂದು ಸಾವಿರ ಅಂಕ ಕಿತ್ತುಕೊಂಡರು. ಅದೇನು ಲಾಭ ಎಂದು ಕೇಳಿದಾಗ ಮೈಕಿನಲ್ಲೇ ಹೇಳಿದೆ: "ನಮ್ಮವ್ವ ಕುರುಗೋಡು ಸಂತ್ಯಾಗ ಸೇಂಗಾ ಮಾರ್ತಾಳ್ರಿ. ಮೊದಲನೇ ಸೇರಿಗೆ ಒಂದು ಅನ್ನಂಗಿಲ್ರಿ, ಲಾಭ ಅಂತಾಳ್ರಿ. ಆಮ್ಯಾಲೆ ಎರಡು, ಮೂರು." ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಅಲ್ಲೇ ನನಗೆ ನಾಚಿಕೆಯಾಯಿತು, ತಪ್ಪು ಉತ್ತರಕ್ಕಲ್ಲ. ಅರ್ಜಿಯಲ್ಲಿ ತಾಯಿಯ ಉದ್ಯೋಗ ಅನ್ನುವಲ್ಲಿ ನಾನು ಗೃಹಿಣಿ ಎಂದು ಬರೆದಿದ್ದೆ. ಹನ್ನೊಂದು ತಿಂಗಳ ಹಿಂದೆ ಗಿರಾಕಿಗಳ ಎದುರಿಗೇ "ನಿನ್ನ ಸೇರು ಹಿಡ್ಕಂಡು ಸಂತ್ಯಾಗ ಕುಂದ್ರಾಕ ನಾ ಹುಟ್ಟಿಲ್ಲ" ಅಂದವಳು ಇನ್ನೇನು ಬರೆದಾಳು? "ಹಂಗಾದ್ರ ಈ ಹೊಸ್ತಿಲಾ ತುಳೀಬ್ಯಾಡ" ಅಂತ ನೀನು ಅಂದದ್ದು ಸರಿಯಾಗೇ ಇತ್ತು. ಬಿಡುವಿನಲ್ಲಿ ಅರ್ಜಿ ಕೇಳಿ ಪಡೆದು, ಗೃಹಿಣಿ ಹೊಡೆದುಹಾಕಿ, ಸೇಂಗಾ ವ್ಯಾಪಾರಿ ಎಂದು ಬರೆದೆ. ತಪ್ಪಾಯಿತು ಅವ್ವಾ.

ಕೊನೆಯ ಸುತ್ತಿಗೆ ಉಳಿದದ್ದು ಇಬ್ಬರೇ. ಕಾಲೇಜಿನಲ್ಲಿ ಪಾಠ ಹೇಳುವ ಸಮ್ರಾಟ್ ಎಂಬವರಿಗೆ ಒಂಬತ್ತು ಸಾವಿರ, ನನಗೆ ಎಂಟು. ವಿಷಯ ಮೊದಲೇ ಹೇಳುತ್ತಾರೆ, ಪ್ರಶ್ನೆ ಆಮೇಲೆ. ನಡುವೆ ಎಷ್ಟು ಅಂಕ ಪಣ ಕಟ್ಟುತ್ತೀರಿ ಎಂದು ಗುಟ್ಟಾಗಿ ಬರೆದುಕೊಡಬೇಕು. ಉತ್ತರ ಸರಿಯಾದರೆ ಅಷ್ಟು ಸೇರುತ್ತದೆ, ತಪ್ಪಾದರೆ ಅಷ್ಟು ಹೋಗುತ್ತದೆ. ವಿಷಯ ಸಮುದ್ರ ಜೀವಿಗಳು! ಕಾಲುವೆಯ ಏಡಿ ಬಿಟ್ಟರೆ ನನಗೇನು ಗೊತ್ತು?

ಎದುರಿಗೆ ಕೂತ ಜನರೆಲ್ಲ ಪೂರ್ತಿ ಕಟ್ಟು ಎಂದು ಕೂಗುತ್ತಿದ್ದರು. ನನಗೆ ನಿನ್ನ ನೆನಪಾಯಿತು. ಮೋಡ ಕಟ್ಟಿದ ಸಂತೆಯ ದಿನ ಉಳಿದವರು ಇದ್ದಬದ್ದ ಚೀಲ ಬಿಚ್ಚಿದರೆ, ನೆನೆದರೆ ಒಂದೇ ನೆನೆಯಲಿ ಎಂದು ನೀನು ಒಂದನ್ನೇ ಬಿಚ್ಚುತ್ತಿದ್ದೆ. ನಾನು ಎಂಟೂ ಸಾವಿರ ಕಟ್ಟಿ ಗೆದ್ದರೆ ಹದಿನಾರಾಗುತ್ತದೆ. ಅದನ್ನು ದಾಟಲು ಸಮ್ರಾಟ್ ಏಳು ಸಾವಿರಕ್ಕಿಂತ ಹೆಚ್ಚು ಕಟ್ಟಲೇಬೇಕು. ಅವರ ಉತ್ತರ ಸರಿಯಾದರೆ ನಾನು ಎಷ್ಟು ಕಟ್ಟಿದರೂ ಹಿಂದೆಯೇ. ಅವರು ತಪ್ಪಿದರೆ ಮಾತ್ರ ನನಗೆ ದಾರಿ, ಆಗ ಅವರಿಗೆ ಎರಡು ಸಾವಿರವೂ ಉಳಿಯುವುದಿಲ್ಲ, ನನ್ನ ಚೀಲ ತುಂಬಿದ್ದರೆ ಸಾಕು. ಕನಿಷ್ಠ ಪಣ ನೂರು. ನೂರನ್ನೇ ಬರೆದೆ.

ಆಕ್ಟೋಪಸ್ಸಿಗೆ ಎಷ್ಟು ಹೃದಯ ಎಂದು ಕೇಳಿದರು. ಅವರು ನಾಲ್ಕು ಅಂದರು, ನಾನು ಎರಡು ಅಂದೆ. ಇರುವುದು ಮೂರಂತೆ! ಇಬ್ಬರೂ ತಪ್ಪು. ಏಳು ಸಾವಿರದ ನೂರು ಕಟ್ಟಿದ್ದ ಅವರಿಗೆ ಸಾವಿರದ ಒಂಬೈನೂರು ಉಳಿಯಿತು. ನನಗೆ ಏಳು ಸಾವಿರದ ಒಂಬೈನೂರು. ತಪ್ಪು ಉತ್ತರ ಹೇಳಿ ಗೆದ್ದ ಮೊದಲ ಕುರುಗೋಡಿನವಳು ನಾನೇ ಇರಬೇಕು. ನಕ್ಕು ನಕ್ಕು, ಆಮೇಲೆ ವೇದಿಕೆಯ ಹಿಂದೆ ಹೋಗಿ ಸ್ವಲ್ಪ ಅತ್ತೆ. ನೀನು ಇರಬೇಕಿತ್ತು.

ಬೈಯುವುದು ಬಾಕಿಯಿದ್ದರೆ ಬೈದುಬಿಡು, ಕೇಳಿಸಿಕೊಳ್ಳುತ್ತೇನೆ.

ನಿನ್ನ ಮಗಳು,
ಶಶಿರೇಖಾ

ಮರೆತಿದ್ದೆ (ನಿಜ ಹೇಳಬೇಕೆಂದರೆ ಮರೆತಿರಲಿಲ್ಲ, ಹೆದರಿದ್ದೆ): ಗೆದ್ದವರು ಮುಂದಿನ ಆಟಕ್ಕೆ ಮನೆಯವರೊಬ್ಬರನ್ನು ಕರೆತರಬೇಕು. ಉತ್ತರ ನಾನು ಹೇಳಬೇಕು, ಪಣ ಅವರು ಕಟ್ಟಬೇಕು. ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ, ಅವರು ಬರದಿದ್ದರೆ ನಾನೂ ಆಟದಿಂದ ಹೊರಗೆ. ನಿನ್ನನ್ನು ಕೇಳದೆಯೇ ನಿನ್ನ ಹೆಸರು ಕೊಟ್ಟು ಬಂದಿದ್ದೇನೆ. ಈ ಸಲದ ಪಣದಲ್ಲಿ ನಾನು ಏನನ್ನೂ ಉಳಿಸಿಕೊಂಡಿಲ್ಲ ಅವ್ವಾ.