ಸಾಹೇಬ ಬರೆದುಕೊಂಡ ಚಿತ್ರ

ಕಿನ್ನಾಳ
೧೭ ಫೆಬ್ರವರಿ ೧೯೩೮

ಗೆಳೆಯ ಖಾಜಾಸಾಬನಿಗೆ ಗವಿಸಿದ್ದಪ್ಪನ ನಮಸ್ಕಾರ.

ಹೈದರಾಬಾದಿನಲ್ಲಿ ನೀವೆಲ್ಲ ಕ್ಷೇಮವೆಂದು ತಿಳಿಯಿತು. ನಿನ್ನ ಎರಡು ಕಾಗದಗಳೂ ಕೈಸೇರಿ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಕೆಲಸವಿತ್ತು ಎಂದು ಸುಳ್ಳು ಬರೆಯಲಾರೆ. ನಿನ್ನ ಮೇಲೆ ಸಿಟ್ಟಿತ್ತು, ಈಗಲೂ ಇದೆ.

ನಮ್ಮ ಮಗಳು ಪಕ್ಕೀರವ್ವ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡದ್ದು ನಿನಗೆ ಈಗ ತಿಳಿದಿದೆ. ಕೂಸೂ ಉಳಿಯಲಿಲ್ಲ. ಅವಳು ಹೋದ ಎಂಟನೆಯ ದಿನ, ನಿನ್ನ ಚೀಟಿ ಹಿಡಿದು ಆ ಬಿಳಿ ಸಾಹೇಬ ಬಂದ. ಮಾತು ತಿಳಿಸಲು ಜೊತೆಗೆ ಕೊಪ್ಪಳದ ಒಬ್ಬ ಗುಮಾಸ್ತ. ನೀನು ರಟ್ಟು ಕಟ್ಟಿಕೊಟ್ಟಿದ್ದ ಹಳೆಯ ಪುಸ್ತಕವನ್ನು ಸಾಹೇಬ ನನ್ನ ಮುಂದೆ ಬಿಚ್ಚಿದ. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರ. ತಹೀತಿ ಎಂಬ ದೂರದ ನಡುಗಡ್ಡೆಯಲ್ಲಿ ದೇವರಿಗೆ ನರಬಲಿ ಕೊಡುತ್ತಿದ್ದಾರೆ; ಹಡಗಿನಲ್ಲಿ ಬಂದ ಬಿಳಿಯರು ಪಕ್ಕಕ್ಕೆ ನಿಂತು ನೋಡುತ್ತಿದ್ದಾರೆ. ಅದನ್ನು ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದುಕೊಡು ಎಂದ.

ಬಲಿ ಸರಿಯೆಂದು ನಾನು ಹೇಳುವುದಿಲ್ಲ. ಆದರೆ ನಾನು ಕಸುಬಿನವನು, ಬರೆದವನ ಕೈ ಎಲ್ಲಿ ಮನಸ್ಸಿಟ್ಟಿಲ್ಲ ಎಂಬುದು ಕಾಣುತ್ತದೆ. ಬಿಳಿಯರಲ್ಲಿ ಒಬ್ಬೊಬ್ಬನಿಗೂ ಒಂದೊಂದು ಮುಖ, ಅಂಗಿಯ ಗುಂಡಿ ಸಹ ಬಿಟ್ಟಿಲ್ಲ. ನಡುಗಡ್ಡೆಯವರೆಲ್ಲರಿಗೂ ಒಂದೇ ಮುಖ.

"ಇಲ್ಲಿ ಕುಂತ ಮುದುಕ ಏನಂತಾನ್ರಿ?" ಎಂದು ಚಿತ್ರಕ್ಕೆ ಬೆರಳಿಟ್ಟು ಕೇಳಿದೆ.

ಗುಮಾಸ್ತ ನಕ್ಕ. "ಕಾಡು ಮಂದಿ, ಏನರ ಒದರತಿರ್ತಾರ. ನೀ ಬರಿ."

ಮೂರು ದಿನ ಬರೆದೆ. ಮಗಳು ಹೋದ ಹನ್ನೊಂದನೆಯ ದಿನ ನನ್ನ ಹೆಂಡತಿ ಹುಲಿಗವ್ವ ಅವಳ ಹೆಸರಿನಲ್ಲಿ ಎಡೆ ಇಟ್ಟಳು. ಮಗಳ ಸೀರೆ, ಹೋಳಿಗೆ, ಅವಳು ಸಣ್ಣವಳಿದ್ದಾಗ ನಾನು ಮಾಡಿಕೊಟ್ಟ ಮರದ ಗೊಂಬೆ. ಸಾಹೇಬ ಟೋಪಿಯನ್ನೂ ತೆಗೆಯದೆ ಒಳಬಾಗಿಲಲ್ಲಿ ನಿಂತು ಅದರ ಚಿತ್ರ ಬರೆದುಕೊಂಡ.

ಆಮೇಲೆ ಕಾಗದ ತೋರಿಸಿದ. ಮೂಲೆಯಲ್ಲಿ ಸೆರಗು ಹೊದ್ದು ಅಳುತ್ತಿದ್ದ ಹುಲಿಗವ್ವನ ಕೂದಲನ್ನು ಚಿತ್ರದಲ್ಲಿ ಬಿಚ್ಚಿದ್ದ, ಎದೆಯ ಮೇಲಿನ ಸೆರಗನ್ನೂ ಕಿತ್ತಿದ್ದ. ಗೊಂಬೆಗೆ ಕೋರೆಹಲ್ಲು, ಚಾಚಿದ ನಾಲಿಗೆ. ಹೋಳಿಗೆಯ ತಾಟಿನಲ್ಲಿ ಯಾವುದೋ ಪ್ರಾಣಿಯ ತಲೆ. ಪುಸ್ತಕದ ನಡುಗಡ್ಡೆಯಲ್ಲಿದ್ದ ಮರಗಳನ್ನೇ ತಂದು ನಮ್ಮ ಗೋಡೆಯ ಹಿಂದೆ ನಿಲ್ಲಿಸಿದ್ದ.

"ಹಿಂಗ ಇರಲಿಲ್ಲಲ್ರಿ," ಎಂದೆ.

"ಇದ್ದಂಗ ಬರದ್ರ ಅವರ ದೇಶದಾಗ ಯಾರು ನೋಡ್ತಾರ?" ಎಂದ ಗುಮಾಸ್ತ. "ಪುಸ್ತಕದಾಗ ಬರತೈತಿ, ಖುಷಿ ಪಡು."

ಹುಲಿಗವ್ವ ಆ ಕಾಗದವನ್ನು ಬಹಳ ಹೊತ್ತು ನೋಡಿದಳು. "ಈಕಿ ಯಾರ್ರಿ?" ಎಂದು ಕೇಳಿದಳು.

ಕಾಗದ ಕೊಡಿ ಎಂದೆ, ಕೊಡಲಿಲ್ಲ. ಕಸಿದುಕೊಳ್ಳಲು ಹೋದರೆ ಗುಮಾಸ್ತ, "ಜೇಲಿಗೆ ಹೋಗ್ತಿ, ನೋಡು," ಎಂದು ತಡೆದ. ನಾನು ಬರೆದಿದ್ದ ಹಲಗೆಯನ್ನು ತಂದು ಅವರ ಕಣ್ಣೆದುರಿಗೇ ಮರ ಕೆತ್ತುವ ಬಾಚಿಯಿಂದ ಎರಡು ಹೋಳು ಮಾಡಿದೆ. ಸಾಹೇಬ ಅದನ್ನೂ ಬರೆದುಕೊಳ್ಳಲು ಪೆನ್ಸಿಲು ತೆಗೆದ.

ಖಾಜಾ, ಆ ಪುಸ್ತಕದ ಹಾಳೆ ಹಾಳೆಯನ್ನೂ ಹೊಲಿದವನು ನೀನು. ಆ ಚಿತ್ರಗಳನ್ನು ಕಂಡೂ ಅವನಿಗೆ ನನ್ನ ಮನೆಯ ದಾರಿ ಹೇಳಿದೆಯಲ್ಲ. ನಾಳೆ ಅವನು ಹೊಸ ಪುಸ್ತಕ ಕಟ್ಟಿಸಲು ನಿನ್ನ ಅಂಗಡಿಗೇ ಬಂದಾನು. ಹುಲಿಗವ್ವನ ಹಾಳೆ ನಿನ್ನ ಕೈಗೆ ಬಂದರೆ ಏನು ಮಾಡುತ್ತೀ, ಬರೆದು ತಿಳಿಸು.

ಚಾಂದಬೀಗೆ ಸಲಾಂ ಹೇಳು. ಮಕ್ಕಳು ನೂರು ಕಾಲ ಬಾಳಲಿ. ಸಿಟ್ಟು ನಿನ್ನ ಮೇಲೆ, ಅವರ ಮೇಲಲ್ಲ.

ನಿನ್ನ
ಗವಿಸಿದ್ದಪ್ಪ ಚಿತ್ರಗಾರ

ತಾ.ಕ.: ಎಡೆಯ ದಿನ ಸಾಹೇಬ ತಾನಾಗಿ ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತಿದ್ದ. "ಇವತ್ತೊಂದಿನ ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ನನ್ನನ್ನು ಬೇಡಿದ್ದಳು ಹುಲಿಗವ್ವ. ನಮ್ಮ ಮನೆ ಪುಸ್ತಕದಲ್ಲಿ ಬರುತ್ತದೆಂಬ ಆಸೆಗೆ, "ದೊಡ್ಡ ಮಂದಿ, ಸುಮ್ನಿರು," ಎಂದು ಅವಳನ್ನು ಗದರಿಸಿ, ಅವನನ್ನು ಒಳಗೆ ಕರೆದವನು ನಾನೇ. ಅಂದಿನಿಂದ ಅವಳು ನನ್ನೊಂದಿಗೆ ಮಾತಾಡಿಲ್ಲ. ಉಣ್ಣಲು ಬಡಿಸಿಟ್ಟು, ನಾನು ಎದ್ದು ಕೈ ತೊಳೆಯುವವರೆಗೂ ಅಂಗಳಕ್ಕೆ ಹೋಗಿ ನಿಲ್ಲುತ್ತಾಳೆ.