ನಲವತ್ತೊಂದನೆಯ ಪೇಪರ್

ಪ್ರೀತಿಯ ಗಿರಿಜಾ ಮೇಡಂ,

ನನಗೆ ಮದುವೆಯಾಯಿತು! ನಿಜವಾಗಿಯೂ! ನಿಮ್ಮ ಇಂಗ್ಲಿಷ್ ಮೀಡಿಯಂ ಹುಡುಗಿ ಈಗ ಮೊಳಕಾಲ್ಮೂರಿನ ನೇಕಾರರ ಮನೆ ಸೊಸೆ. ನೀವು ಹೋದ ಒಂಬತ್ತನೆಯ ದಿನ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು, ಒಂದೂವರೆ ತಿಂಗಳಿಗೆ ತಾಳಿ ಬಿತ್ತು. ಅವರು ಬರುವುದಕ್ಕೂ ಮುಂಚೆ ಹುಡುಗನ ಹೆಸರು ಕೂಡ ನನ್ನ ಕಿವಿಗೆ ಬಿದ್ದಿರಲಿಲ್ಲ. ಮಂಜುನಾಥ ಅಂತ. ನಕ್ಕರೆ ಕಣ್ಣೇ ಕಾಣಿಸುವುದಿಲ್ಲ, ಎಷ್ಟು ಚೆಂದ ಗೊತ್ತಾ! ನೀವಿದ್ದಿದ್ದರೆ ಈ ಪ್ಯಾರಾದ ಪಕ್ಕದಲ್ಲಿ ‘ಉದ್ಗಾರ ಚಿಹ್ನೆ ಕಡಿಮೆ ಮಾಡು’ ಎಂದು ಬರೆಯುತ್ತಿದ್ದಿರಿ, ಅಲ್ಲವೇ? ಮಾಡುತ್ತೇನೆ ಮೇಡಂ. ಮುಂದೆ ಹೇಳಬೇಕಾಗಿರುವುದು ಹಾಗೆ ಕೂಗಿ ಹೇಳುವಂಥದ್ದಲ್ಲ.

ಬಿಎ ಮೊದಲ ವರ್ಷ ನನ್ನ ಮೊದಲ ಪ್ರಬಂಧಕ್ಕೆ ಇಪ್ಪತ್ತಕ್ಕೆ ಏಳು ಕೊಟ್ಟದ್ದು ನಿಮಗೆ ನೆನಪಿದೆಯೇ? ಅಳುತ್ತಾ ಬಂದವಳಿಗೆ ನೀವು ಪೇಪರಿನ ಮೂಲೆ ತೋರಿಸಿದಿರಿ. ನಂಬರು ಬರೆದ ಮೂಲೆಯನ್ನು ಒಳಕ್ಕೆ ಮಡಚಿ, ಎರಡು ಹೊಲಿಗೆ ಹಾಕಿಸಿ, ಆಮೇಲೆ ಓದುವುದು ನಿಮ್ಮ ಪದ್ಧತಿ. “ಯಾರ್ದು ಅಂತ ಗೊತ್ತಾದ್ರೆ ಕೈ ಸುಳ್ಳು ಹೇಳ್ತೈತೆ ಕಣೇ. ಒಂದ್ಸಲ ಓದು, ಪೆನ್ಸಿಲಲ್ಲಿ ಅಂಕ ಹಾಕು. ವಾರ ಬಿಟ್ಟು ಇನ್ನೊಂದ್ಸಲ ಓದು. ಆಮೇಲೆ ದಾರ ಬಿಚ್ಚು” ಎಂದಿರಿ. ಈಗ ಚಳ್ಳಕೆರೆಯ ಅದೇ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ನಿಮ್ಮ ಬರವಣಿಗೆ ತರಗತಿ ನನ್ನ ಪಾಲಿಗೆ ಬಂತು. ನೀವು ಕೊನೆಯ ವಾರ ಬರೆಸಿ, ಹೊಲಿಸಿ, ಕಪಾಟಿನಲ್ಲಿಟ್ಟಿದ್ದ ಕಟ್ಟೂ ಬಂತು. ವಿಷಯ, ‘ನಮ್ಮ ಮನೆಯಲ್ಲಿ ಯಾರೂ ಕೂರದ ಜಾಗ’. ತರಗತಿಯಲ್ಲಿ ನಲವತ್ತು ಜನ. ಎಣಿಸಿದೆ, ನಲವತ್ತು ಪೇಪರ್. ಲೆಕ್ಕ ಸರಿಯಾಗಿದೆ ಎಂದುಕೊಂಡೆ.

ಆ ಮಧ್ಯಾಹ್ನ, ಮದುವೆಯಾದ ಐದನೆಯ ದಿನ, ಮೊಳಕಾಲ್ಮೂರಿನ ಮನೆಯ ಮಗ್ಗದ ಕೋಣೆಯಲ್ಲಿ ಕಟ್ಟು ಬಿಚ್ಚಿ ಕೂತಿದ್ದೆ. ಮರುದಿನ ನಾಲ್ಕು ಗಂಟೆಗೆ ಅಂಕಪಟ್ಟಿ ಕೊಡಬೇಕಿತ್ತು. ಎರಡು ಸಲ ಓದುವುದಿರಲಿ, ಒಂದು ಸಲವೂ ನೆಟ್ಟಗೆ ಓದಲಿಲ್ಲ. ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಕೈ ಕುತ್ತಿಗೆಯ ಹಸಿ ಅರಿಶಿನದ ದಾರದ ಮೇಲೆ. ಪ್ರತಿ ಪೇಪರಿನ ಅಂಚಿನಲ್ಲೂ ಹಳದಿ ಬೆರಳಚ್ಚು. “ಏಂದೇ ಕೋಡಲಾ, ಇಂಕಾ ಅಯಿಪೋಲೇದಾ?” ಇನ್ನೂ ಮುಗಿದಿಲ್ಲವೇ ಎಂದು ಅತ್ತೆ ಎರಡು ಸಲ ಬಂದು ನಕ್ಕು ಹೋದರು. ಆಗ ಒಂದು ಪೇಪರ್ ಕೈಗೆ ಬಂತು. ಚಿಕ್ಕ ಮಗು ಬರೆದಂಥ ಸೊಟ್ಟ ಅಕ್ಷರ.

‘ಇದನ್ನು ಓದುವವಳ ಬೆರಳಿಗೆ ಅರಿಶಿನ ಹತ್ತಿದೆ. ಅವಳ ಬೆನ್ನ ಹಿಂದೆ ಮಗ್ಗ ಆಡುತ್ತಿದೆ. ಈ ಸಾಲಿಗೆ ಬಂದಾಗ ಅದು ನಿಲ್ಲುತ್ತದೆ.’

ಮಗ್ಗ ನಿಂತಿತು.

ತಿರುಗಿ ನೋಡಿದೆ. ಮಾವ ಲಾಳಿಯನ್ನು ಪಕ್ಕಕ್ಕಿಟ್ಟು ಬಗ್ಗಿ ಕೂತಿದ್ದರು. “ಎಳೆ ಕಡೀತಮ್ಮ, ಏನಿಲ್ಲ” ಎಂದರು. ಏನಿಲ್ಲವೇ? ನನ್ನ ತೋಳಿನ ಕೂದಲೆಲ್ಲ ಎದ್ದು ನಿಂತಿತ್ತು. ಅದರ ಬೆನ್ನಿಗೇ ಸಿಟ್ಟು. ಮದುಮಗಳನ್ನು ಹುಡುಗಿಯರು ಆಡಿಕೊಳ್ಳುತ್ತಿದ್ದಾರೆ! ಇನ್ನೂ ಅರ್ಧ ಪುಟ ಉಳಿದಿತ್ತು, ಓದಲಿಲ್ಲ. ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿ ‘ಅಣಕಿಸುವುದು ಪ್ರಬಂಧವಲ್ಲ’ ಎಂದು ಬರೆದೆ. ಕೊನೆಗೆ ದಾರಗಳನ್ನು ಬಿಚ್ಚಿದಾಗ ಆ ಮೂಲೆಯಲ್ಲಿ ನಲವತ್ತೊಂದು ಎಂದಿತ್ತು. ತರಗತಿಯಲ್ಲಿ ಇಲ್ಲದ ನಂಬರು. ಹದಿನೇಳರ ಪೇಪರ್ ಇರಲಿಲ್ಲ. ಹದಿನೇಳು ನನ್ನಿವಾಳದ ಭಾಗ್ಯ. ನಾನು ಮದುವೆಯ ಸುದ್ದಿ ಹೇಳಿ ಪೇಡ ಹಂಚಿದ ದಿನ “ಇನ್ಮೇಲೆ ರೇಷ್ಮೆ ಸೀರೆ ನಮ್ಗೆ ಅರ್ಧ ರೇಟಾ ಮೇಡಂ?” ಎಂದು ಇಡೀ ತರಗತಿಯನ್ನು ನಗಿಸಿದವಳು. ಇನ್ಯಾರು ಬರೆದಾರು?

ಮರುದಿನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದಾಗ ನೀವು ನನ್ನ ಪಕ್ಕದಲ್ಲಿದ್ದಿದ್ದರೆ...

“ನಂಬರ್ ಬದಲಾಯಿಸಿ ನನ್ನನ್ನೇ ಆಡ್ಕೊಳ್ತೀಯಾ?” ಎಂದೆ.

“ಇದು ನಂದಲ್ಲ ಮೇಡಂ. ನಂದು ಗಿರಿಜಾ ಮೇಡಂ ಕೈಗೇ ಕೊಟ್ಟೀನಿ.” ಪೇಪರ್ ತೆಗೆದುಕೊಂಡು ಮೊದಲ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. “ನಾವು ಇದನ್ನ ಬರ್ದಾಗ ನಿಮ್ಗೆ ಗಂಡೇ ಗೊತ್ತಾಗಿರ್ಲಿಲ್ಲ ಅಲ್ರೀ ಮೇಡಂ? ಅರಿಶಿನ, ಮಗ್ಗ ಅಂತ ಯಾರಿಗ್ ಗೊತ್ತಿತ್ತು?”

ಅದು ನನಗೇಕೆ ಹೊಳೆದಿರಲಿಲ್ಲ ಮೇಡಂ? ಅವಳು ಚಾಚಿದ ಪೇಪರನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಅಳಲು ಶುರು ಮಾಡಿದ್ದಳು. “ಒಂದ್ ಪೇಪರ್ ಹೋದ್ರೂ ಕಾಲೇಜು ಸಾಕು ಅಂತ ನಮ್ಮಪ್ಪ ಕಾಯ್ತಾ ಅದಾನ್ರೀ. ಸೊನ್ನೆ ಮಾತ್ರ ಕಳಿಸ್ಬ್ಯಾಡ್ರಿ.”

ಟೀ ತಂದಿದ್ದ ಅಟೆಂಡರ್ ತಿಪ್ಪಣ್ಣ ನಂಬರು ನೋಡಿ ಲೋಟವನ್ನು ಕೈಯಲ್ಲೇ ಹಿಡಿದು ನಿಂತರು. “ನಲವತ್ತೊಂದಾ? ಅದು ಗಿರಿಜಾ ಮೇಡಮ್ಮೋರ್ದು ಕಣಮ್ಮ. ಪ್ರತಿ ಕಟ್ಟಿಗೂ ತಾವೂ ಒಂದು ಬರ್ದು ಸೇರಿಸ್ತಿದ್ರು. ಎಡಗೈಲಿ. ದಾರ ಬಿಚ್ಚೋ ತನ್ಕ ತಮ್ದು ಯಾವ್ದು ಅಂತ ತಮ್ಗೂ ಗೊತ್ತಾಗ್ಬಾರ್ದು ಅನ್ನೋರು. ಒಂದ್ಸಲ ತಮ್ಮನ್ನ ತಾವೇ ಫೇಲ್ ಮಾಡ್ಕಂಡು ದಿನಪೂರ್ತಿ ನಗಾಡಿದ್ರು.”

ಐದು ವರ್ಷ ನಿಮ್ಮ ಹಿಂದೆ ಮುಂದೆ ಓಡಾಡಿದವಳಿಗೆ ಇದನ್ನು ಯಾಕೆ ಹೇಳಲಿಲ್ಲ? ನನ್ನ ಪೇಪರೂ ನಿಮ್ಮ ಪೇಪರಿನ ಜೊತೆ ಹೊಲಿಸಿಕೊಂಡು ಕೂತಿತ್ತೇ? ನಾನು ನಿಮಗೆ ಸೊನ್ನೆ ಕೊಟ್ಟಿದ್ದೆ ಮೇಡಂ. ಪೂರ್ತಿ ಓದದೆಯೇ. ಗಡಿಯಾರದಲ್ಲಿ ಮೂರು ಗಂಟೆ. ಉಳಿದ ಅರ್ಧ ಪುಟವನ್ನು ಮೂವರೂ ಒಟ್ಟಿಗೆ ಓದಿದೆವು.

‘ನನಗೆ ಮನೆ ಎಂದರೆ ಈ ಸ್ಟಾಫ್ ರೂಮು. ಕಿಟಕಿಯ ಪಕ್ಕ ಹಸಿರು ಮೆತ್ತೆಯ ಕುರ್ಚಿ ಇದೆ. ನಾನು ಎದ್ದ ಮೇಲೆ ಅದರಲ್ಲಿ ಯಾರೂ ಕೂರುವುದಿಲ್ಲ. ಅವಸರದಲ್ಲಿರುವವಳು ಮೆತ್ತೆ ಎತ್ತಿ ನೋಡಲಿ.’

ತಿಪ್ಪಣ್ಣ ಹಿಂದಕ್ಕೆ ಸರಿದರು. ಮೆತ್ತೆಯನ್ನು ಎತ್ತಿದ್ದು ಭಾಗ್ಯ. ಅದರ ಕೆಳಗೆ ಹೊಲಿಗೆ ಬಿಚ್ಚದ ಒಂದು ಪೇಪರ್ ಇತ್ತು. ಮೇಲೆ ನಿಮ್ಮ ಪೆನ್ಸಿಲಿನಲ್ಲಿ ‘18’, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ. “ನಂದೇ” ಎಂದಳು. ಅದನ್ನು ನನ್ನ ಕೈಗಿಟ್ಟು “ಕೂತ್ಕಂಡು ಓದ್ರಿ ಮೇಡಂ” ಎಂದಳು. ಹತ್ತಿರವಿದ್ದದ್ದು ಅದೊಂದೇ ಕುರ್ಚಿ. ಕೂತೆ. ಬೆಚ್ಚಗಿತ್ತು. ಕಿಟಕಿಯ ಬಿಸಿಲಿಗೆ ಕಾದಿರಬೇಕು ಎಂದುಕೊಂಡೆ. ಆ ಕಿಟಕಿ ಉತ್ತರಕ್ಕಿದೆ, ಅಲ್ಲಿ ಬಿಸಿಲೇ ಬೀಳುವುದಿಲ್ಲ. ನಿಮಗೆ ಗೊತ್ತಲ್ಲ.

ಭಾಗ್ಯ ತನ್ನ ಅವ್ವನ ಬಗ್ಗೆ ಬರೆದಿದ್ದಳು. ಪಡಸಾಲೆಯ ಮೂಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂರುತ್ತಿದ್ದ ಅವ್ವ ತೀರಿಕೊಂಡು ಎರಡು ವರ್ಷವಾಗಿದೆ. ಆ ಮೂಲೆಯಲ್ಲಿ ಈಗ ಯಾರೂ ಕೂರುವುದಿಲ್ಲ. ‘ಆದರೂ ಕೆಲವು ಬೆಳಿಗ್ಗೆ ಅಲ್ಲಿ ಹೊಸ ಸಿಪ್ಪೆ ಬಿದ್ದಿರುತ್ತದೆ. ಅಪ್ಪ ಯಾರನ್ನೂ ಕೇಳದೆ ಗುಡಿಸುತ್ತಾನೆ. ನಾನೂ ಕೇಳುವುದಿಲ್ಲ.’ ಅಷ್ಟೇ, ಅಲ್ಲಿಗೆ ಮುಗಿಸಿದ್ದಳು. ನೀವು ಪ್ರಶ್ನೆಚಿಹ್ನೆ ಹಾಕಿದ್ದು ಆ ಕೊನೆಗೋ? ನಾನೂ ಹದಿನೆಂಟೇ ಕೊಟ್ಟೆ. ನಿಮ್ಮದೊಂದು ಓದು, ನನ್ನದೊಂದು ಓದು. ಎರಡಾಯಿತು. ಆಮೇಲೆ ಪ್ರಶ್ನೆಚಿಹ್ನೆಯನ್ನು ರಬ್ಬರಿನಲ್ಲಿ ಅಳಿಸಿದೆ. ಭಾಗ್ಯಳ ಮುಂದೆ ನಿಂತು “ತಪ್ಪಾಯ್ತು” ಎಂದೆ. ಅವಳು ಮೂಗು ಒರೆಸಿಕೊಂಡು “ಹಂಗಾದ್ರೆ ಸೀರೆ ಅರ್ಧ ರೇಟು ತಾನೆ?” ಎಂದಳು.

ನಾಲ್ಕು ಗಂಟೆಗೆ ಪಟ್ಟಿ ಕೊಡಲಿಲ್ಲ ಮೇಡಂ. ಪ್ರಿನ್ಸಿಪಾಲರ ಬಳಿ ಒಂದು ವಾರ ಕೇಳಿದೆ. ಬೈದರು, ಕೊಟ್ಟರು. ಉಳಿದವನ್ನೆಲ್ಲ ಮತ್ತೆ ಓದಿದೆ. ಹನ್ನೊಂದು ಜನರ ಅಂಕ ಬದಲಾಯಿತು. ನಿಮ್ಮ ಪೇಪರಿನ ಸೊನ್ನೆಯನ್ನು ಹೊಡೆದುಹಾಕಿದ್ದೇನೆ, ಆದರೆ ಅದರ ಜಾಗದಲ್ಲಿ ಏನು ಬರೆಯಬೇಕು ಎಂಬುದು ಇನ್ನೂ ಗೊತ್ತಾಗಿಲ್ಲ. ಸದ್ಯಕ್ಕೆ ಅದು ಮೆತ್ತೆಯ ಕೆಳಗಿದೆ.

ಭಾಗ್ಯ ಎರಡನೇ ವರ್ಷಕ್ಕೆ ಹೋದಳು. ಅವಳ ಅಪ್ಪನೇ ಬಂದು ಫೀಸು ಕಟ್ಟಿಹೋದರು. ಈ ಸಲ ಮಕ್ಕಳಿಗೆ ನಾನು ಕೊಟ್ಟ ವಿಷಯ, ‘ಅಗಲಿದವರಿಗೆ ಒಂದು ಪತ್ರ’. ನಲವತ್ತೂ ಬಂದಿವೆ. ಇದು ನಲವತ್ತೊಂದು. ಎಡಗೈಯಲ್ಲಿ ಬರೆದು ಬರೆದು ಮಣಿಕಟ್ಟು ನೋಯುತ್ತಿದೆ. ಕೆಳಗೆ ಹೆಸರು ಹಾಕುವುದಿಲ್ಲ. ಮೂಲೆ ಮಡಚಿ, ಮಾವ ಕೊಟ್ಟ ರೇಷ್ಮೆ ಎಳೆಯಿಂದ ಎರಡು ಹೊಲಿಗೆ ಹಾಕಿ, ಕಟ್ಟಿನ ನಡುವೆ ಎಲ್ಲಾದರೂ ಸೇರಿಸುತ್ತೇನೆ.

ಕಟ್ಟನ್ನು ನಿಮ್ಮ ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿ ಪೆನ್ಸಿಲ್ ಇಟ್ಟು, ಈಗ ಮೊಳಕಾಲ್ಮೂರಿನ ಬಸ್ಸಿಗೆ ಹೊರಡುತ್ತೇನೆ. ವಾರ ಬಿಟ್ಟು ಬಂದು ಓದುತ್ತೇನೆ, ಎಲ್ಲವನ್ನೂ ಕೊನೆಯ ಸಾಲಿನವರೆಗೆ. ಆದರೆ ಅದು ಎರಡನೆಯ ಓದು, ಮೇಡಂ. ಮೊದಲನೆಯದು ನಿಮ್ಮದು.